ಬ್ರೇಕಿನ ಕೆಳಗೆ ಬೆಕ್ಕು

ರೆಕ್ಸಿನ್ ಅಕ್ಕನಿಗೆ ಕೋಪ ಬಂದರೆ ಅದು ಮೊದಲು ಗೊತ್ತಾಗುವುದು ಅವಳ ಹೊಲಿಗೆ ಮೆಷಿನ್ನಿಗೆ. ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿ ಅವಳದು. ದಪ್ಪ ರೆಕ್ಸಿನ್ನು, ದಪ್ಪ ದಾರ, ದಪ್ಪ ಸೂಜಿ. ಅಕ್ಕ ಸಮಾಧಾನವಾಗಿದ್ದರೆ ಒಂದು ಸೂಜಿ ಎರಡು ವಾರ ಬಾಳುತ್ತದೆ. ಈ ಕಥೆ ನಡೆದಾಗ ಹತ್ತು ದಿನದಲ್ಲಿ ನಾಲ್ಕು ಸೂಜಿ ಮುರಿದವು. ನಾಲ್ಕಕ್ಕೂ ಕಾರಣ ಒಬ್ಬರೇ, ಅವಳ ಗಂಡ.

ಗಂಡ ಡ್ರೈವಿಂಗ್ ಸ್ಕೂಲ್ ನಡೆಸುವವರು. ಬೀದಿಯವರ ಬಾಯಲ್ಲಿ ಬ್ರೇಕ್ ಮೇಷ್ಟ್ರು. ಕಲಿಯಲು ಬಂದವರು ಬ್ಯಾಂಕ್ ಮ್ಯಾನೇಜರೇ ಇರಲಿ, ಹಲ್ಲಿನ ಡಾಕ್ಟರೇ ಇರಲಿ, ಮೊದಲ ದಿನವೇ ಅವರ ಜನ್ಮ ಜಾಲಾಡುತ್ತಿದ್ದರು. ಬೆಲ್ಟ್ ಹಾಕದೆ ಕೀಲಿ ತಿರುಗಿಸಿದರೆ ಕೀಲಿಯನ್ನೇ ಕಿತ್ತು ಜೇಬಿಗಿಳಿಸುತ್ತಿದ್ದರು. ಕನ್ನಡಿ ನೋಡದೆ ಗಾಡಿ ತಿರುಗಿಸಿದರೆ, "ಆ ಕನ್ನಡಿ ಏನು, ನೀವು ಕ್ರಾಪು ಬಾಚ್ಕೊಳ್ಳಲಿ ಅಂತ ಇಟ್ಟಿದ್ದೀನಾ?" ಎಂದು ಇಡೀ ರಸ್ತೆಗೆ ಕೇಳಿಸುವಂತೆ ಕೂಗುತ್ತಿದ್ದರು. ಆದರೆ ಈ ಶಿಸ್ತೆಲ್ಲ ಫೀಸು ಕಟ್ಟಿದವರಿಗೆ. ಮನೆಯವರ ವಿಷಯಕ್ಕೆ ಬಂದರೆ ಮೇಷ್ಟ್ರದು ಒಂದೇ ಮಾತು: "ನಾನಿದ್ದೀನಲ್ಲ."

ಆ ಧೈರ್ಯಕ್ಕೆ ಕಾರಣ ಅವರ ಕಾರು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಓಡಿಸುವವರ ಕಾಲಬುಡದಲ್ಲಿ ಒಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂತು ಕಲಿಸುವವರ ಕಾಲಬುಡದಲ್ಲಿ ಇನ್ನೊಂದು ಇರುತ್ತದೆ. ಮನೆಯವರೆಲ್ಲ ಅದೇ ಕಾರಿನಲ್ಲಿ ಓಡಾಡುವುದು. ಆಗ ಮೇಷ್ಟ್ರು ಸ್ಟಿಯರಿಂಗ್ ಹಿಡಿಯುತ್ತಾರೆ, ಅಕ್ಕ ಕಲಿಸುವವರ ಜಾಗದಲ್ಲಿ ಕೂರುತ್ತಾಳೆ. ಅವಳು "ಸ್ವಲ್ಪ ನಿಧಾನ" ಎಂದರೆ ಸಾಕು, "ಊರಿಗೆಲ್ಲ ಒಂದು ಬ್ರೇಕು, ನಮಗೆ ಎರಡು. ಎರಡೆರಡು ಬ್ರೇಕ್ ಇಟ್ಕೊಂಡು ಹೆದರೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು ನಾನು" ಎನ್ನುತ್ತಿದ್ದರು.

ಮನೆಯಲ್ಲಿ ಒಂದು ಬೆಕ್ಕು. ಹಳದಿ ಪಟ್ಟೆಯ ಗಂಡು. ಮರಿಯಾಗಿದ್ದಾಗ ಅಂಗಡಿಯ ಫೋಮಿನ ರಾಶಿಯೊಳಗೆ ಸಿಕ್ಕಿದ್ದು. ಒಂದು ಕಣ್ಣನ್ನು ಸುಮ್ಮಸುಮ್ಮನೆ ಮಿಟುಕಿಸುತ್ತಿತ್ತಾದ್ದರಿಂದ ಮೇಷ್ಟ್ರೇ ಅದಕ್ಕೆ ಡಿಪ್ಪರ್ ಎಂದು ಹೆಸರಿಟ್ಟರು, ಎದುರಿನ ಗಾಡಿಗೆ ದೀಪ ಮಿಟುಕಿಸುವ ಹಾಗೆ ಎಂದು. ಊಟಕ್ಕೆ ಅಕ್ಕ, ನಿದ್ದೆಗೆ ಅತ್ತೆಯ ಹೊದಿಕೆ, ಸವಾರಿಗೆ ಮೇಷ್ಟ್ರು. ಹೀಗೆ ಮೂವರಿಗೂ ಡಿಪ್ಪರ್ ಕೆಲಸ ಹಂಚಿಕೊಟ್ಟಿತ್ತು.

ಸವಾರಿ ಎಂದರೆ ರಜಾದಿನ ಬೀದಿಯ ಸುತ್ತ ಒಂದೆರಡು ಸುತ್ತು. ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಡಿಪ್ಪರ್ ಜಮೀನ್ದಾರನ ಹಾಗೆ ಒರಗಿ ಕೂರುತ್ತಿತ್ತು. ಅದು ಜಾರದಿರಲೆಂದು ಅಕ್ಕ, ಯಾರದೋ ಸೀಟಿಗೆ ತಂದ ಕೆಂಪು ಮಖಮಲ್ಲಿನ ಉಳಿಕೆಯಲ್ಲಿ ಒಂದು ಹಾಸು ಹೊಲಿದುಕೊಟ್ಟಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಫೋನ್ ತೆಗೆದು ಫೋಟೊ ಹಿಡಿಯುತ್ತಿದ್ದರು. ಅಕ್ಕನಿಗೂ ಒಳಗೊಳಗೇ ಹೆಮ್ಮೆ. ಇದನ್ನು ಮುಚ್ಚಿಡುವಂತಿಲ್ಲ. ಮುಂದೆ ಆದ ತಪ್ಪಿನ ಒಂದು ಅಂಚನ್ನು ಹೊಲಿದವಳು ಅವಳೇ.

ಡಿಪ್ಪರ್‌ಗೆ ವರ್ಷದ ಲಸಿಕೆ ಹಾಕಿಸುವ ದಿನ ಬಂತು. ಪ್ರಾಣಿ ಆಸ್ಪತ್ರೆ ಇರುವುದು ದೊಡ್ಡ ರಸ್ತೆಯ ಮೇಲೆ, ಅರ್ಧ ಗಂಟೆಯ ದಾರಿ. ಅಕ್ಕ ಮುಚ್ಚಳವಿದ್ದ ಒಂದು ಬುಟ್ಟಿ ತಂದು ಬಾಗಿಲ ಬಳಿ ಇಟ್ಟಳು.

"ಇದ್ಯಾಕೆ? ತರಕಾರಿನಾ ಅದು?" ಎಂದರು ಮೇಷ್ಟ್ರು.

"ದೊಡ್ಡ ರಸ್ತೆ ಕಣ್ರೀ. ಲಾರಿಗೀರಿ ಬರ್ತವೆ. ಗಾಬರಿ ಆದ್ರೆ?"

ಮೇಷ್ಟ್ರ ತಾಯಿ ಕೋಣೆಯೊಳಗಿಂದಲೇ ತೀರ್ಪು ಕೊಟ್ಟರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು, ಎರಡು ಗೋಡೆಯಾಚೆಯ ಮಾತೂ ಕೇಳಿಸುತ್ತದೆ. "ಬುಟ್ಟೀಲಿ ಹಾಕ್ಬೇಡ್ವೇ, ಪಾಪ! ಮಗು ಥರ ಮಡಿಲಲ್ಲಿ ಇಟ್ಕೋ."

"ಅತ್ತೆ, ಅದು ಮಡಿಲಲ್ಲಿ ಕೂರೋ ಜಾತಿನಾ? ನಿಮ್ಮ ಮಡಿಲಲ್ಲೇ ಎರಡು ನಿಮಿಷ ಕೂರಲ್ಲ."

"ಮಖಮಲ್ಲಿನ ಮೇಲೆ ಕೂರುತ್ತೆ ಬಿಡು. ನಾನಿದ್ದೀನಲ್ಲ," ಎಂದರು ಮೇಷ್ಟ್ರು. ಬುಟ್ಟಿ ಬಾಗಿಲಲ್ಲೇ ಉಳಿಯಿತು.

ಅರ್ಧ ದಾರಿಯವರೆಗೆ ಏನೂ ಆಗಲಿಲ್ಲ. ಮೇಷ್ಟ್ರು ಎರಡು ಸಲ ಹೆಂಡತಿಯ ಕಡೆ ನೋಡಿ "ನೋಡಿದ್ಯಾ?" ಎಂದರು. ಮೂರನೆಯ ಸಲ ಹೇಳುವಷ್ಟರಲ್ಲಿ ಪಕ್ಕದಲ್ಲಿ ಬಂದ ಲಾರಿ ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯಿತು. ಡಿಪ್ಪರ್ ಮಖಮಲ್ಲಿನಿಂದ ನೆಗೆದು, ಮೇಷ್ಟ್ರ ತೋಳಿಗೆ ಉಗುರು ಎಳೆದು, ಅವರ ಕಾಲ ಸಂದಿಗೆ ಇಳಿದುಹೋಯಿತು. ಮುಂದೆ ಕೆಂಪು ದೀಪ. ಜೀಬ್ರಾ ಪಟ್ಟೆಯ ಮೇಲೆ ಶಾಲೆಯ ಹುಡುಗಿಯರ ಒಂದು ಸಾಲು ಕೈಕೈ ಹಿಡಿದು ದಾಟುತ್ತಿತ್ತು. ಅವರ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕ.

ಕಾರು ನಿಧಾನವಾಗಲೇ ಇಲ್ಲ.

"ರೀ! ಬ್ರೇಕ್! ಬ್ರೇಕ್ ರೀ!"

ಬೇರೆಯವರಿಂದ ಬ್ರೇಕ್ ಮೇಷ್ಟ್ರು ಆ ಮಾತು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಬಾಯಿ ತೆರೆದಿತ್ತು, ಕಾಲು ಅಲುಗಲಿಲ್ಲ. ಅಕ್ಕ ತನ್ನ ಕಡೆಯ ಬ್ರೇಕನ್ನು ಎರಡೂ ಕಾಲಿನಿಂದ ತುಳಿದಳು. ಅದು ಅರ್ಧಕ್ಕೆ ಇಳಿದು ಎಲ್ಲೋ ತಡೆದಂತಾಯಿತು. ಸೀಟಿನಿಂದ ಮೇಲೆದ್ದು ಇನ್ನೂ ಬಲವಾಗಿ ಒತ್ತಿದಳು. ಕೆಳಗಿನಿಂದ ಒಂದು ಕೂಗು ಕೇಳಿಸಿತು. ಬೆಕ್ಕು ಹಾಗೆ ಕೂಗಬಲ್ಲದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾರು ನಿಂತಾಗ ಮುದುಕನಿಗೂ ಬಂಪರಿಗೂ ನಡುವೆ ಒಂದು ಗೇಣು. ಮುದುಕ ಕೋಲೆತ್ತಿ ಬಾನೆಟ್ ಮೇಲೆ ಎರಡು ಸಲ ಕುಟ್ಟಿದ. ಕಾರಿನ ನೆತ್ತಿಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡ್ ಓದಿದ. "ಕಲೀತಾ ಇದ್ದೀಯೇನಯ್ಯಾ? ಮೊದಲು ನಿನ್ನ ಮೇಷ್ಟ್ರನ್ನ ಬದಲಾಯಿಸು!" ಎಂದು ಹೇಳಿ ಹೋದ.

ಆಸ್ಪತ್ರೆಯಲ್ಲಿ ಡಿಪ್ಪರನ್ನು ಮೇಜಿನ ಮೇಲೆ ಮಲಗಿಸಿದಾಗ ಹಿಂದಿನ ಒಂದು ಕಾಲು ಬೇರೆ ಯಾರದೋ ಕಾಲಿನ ಹಾಗೆ ತಿರುಗಿಕೊಂಡಿತ್ತು. ಅಲ್ಲಿನ ಕಾಂಪೌಂಡರಮ್ಮ ಎರಡು ವರ್ಷದ ಹಿಂದೆ ಮೇಷ್ಟ್ರ ಹತ್ತಿರವೇ ಕಾರು ಕಲಿತವಳು. ಕಲಿಯುವಾಗ ತಿಂದ ಬೈಗುಳವನ್ನು ಒಂದೂ ಮರೆತಿರಲಿಲ್ಲ.

"ಹೇಗಾಯ್ತು?"

"ಬ್ರೇಕ್ ಕೆಳಗೆ ನುಗ್ಗಿಬಿಡ್ತಮ್ಮ," ಎಂದಳು ಅಕ್ಕ.

"ತುಳಿದದ್ದು ಯಾರು?"

"ಇನ್ಯಾರು? ಇವರೇ! ಅದು ನುಗ್ಗಿದ್ದು ಇವರ ಕಾಲ ಬುಡಕ್ಕೇ ಅಲ್ವಾ?" ಅಕ್ಕ ಗಂಡನತ್ತ ಕೈ ತೋರಿಸಿದಳು. ಮೇಷ್ಟ್ರು ಗೋಡೆಯ ಮೇಲಿದ್ದ ನಾಯಿಯ ಹಲ್ಲಿನ ಪಟವನ್ನು ನೋಡುತ್ತ ನಿಂತಿದ್ದರು.

"ಮೇಷ್ಟ್ರೇ, ನಾನು ಬೆಲ್ಟ್ ಹಾಕೋಕೆ ಮರೆತಾಗ ಏನಂದಿದ್ರಿ? 'ನೀವೇನು ಆಲೂಗಡ್ಡೆ ಮೂಟೆನಾ, ಹೇಗೆ ಬೇಕಾದ್ರೂ ಉರುಳೋಕೆ?' ಅಂದಿದ್ರಿ. ಬೆಕ್ಕಿಗೆ ಯಾವ ಬೆಲ್ಟ್ ಹಾಕಿದ್ರಿ ಇವತ್ತು?"

"ಅದು ಬೆಕ್ಕಮ್ಮ. ಅದಕ್ಕೇನು ಗೊತ್ತಾಗುತ್ತೆ? ಬುದ್ಧಿ ಇಲ್ಲದ ಪ್ರಾಣಿ..."

"ಅದಕ್ಕೆ ಗೊತ್ತಾಗಲ್ಲ ಅಂತ್ಲೇ ನಮಗೆ ಗೊತ್ತಿರಬೇಕು." ಕಾಂಪೌಂಡರಮ್ಮನ ಮುಖ ಕೆಂಪಾಗಿತ್ತು. "ವಾರಕ್ಕೆ ಒಂದಾದ್ರೂ ಹೀಗೆ ಬರುತ್ತೆ ಇಲ್ಲಿಗೆ. ಕಿಟಕಿಯಿಂದ ಹಾರಿದ್ದು, ಸೀಟಿನ ಕೆಳಗೆ ಸಿಕ್ಕಿಕೊಂಡಿದ್ದು, ಬಾಗಿಲು ತೆಗೆದ ಕೂಡ್ಲೇ ಓಡಿ ಇನ್ನೊಂದು ಗಾಡಿಗೆ ಸಿಕ್ಕಿದ್ದು. ಎಲ್ಲರೂ ಹೇಳೋದು ಒಂದೇ. ನಮ್ಮದು ತುಂಬಾ ಸಾಧು ರೀ, ಅಲ್ಲಾಡಲ್ಲ ಅಂತ. ಸಾಧು ಅಂದ್ರೆ ಮನೇಲಿ ಸಾಧು. ರಸ್ತೇಲಿ ಹಾರ್ನ್ ಕೇಳಿದ್ರೆ ಅದು ಕತ್ತಲೆ ಜಾಗ ಹುಡುಕುತ್ತೆ. ಕಾರಲ್ಲಿ ಕತ್ತಲೆ ಇರೋದು ಎಲ್ಲಿ? ನಿಮ್ಮ ಕಾಲ ಬುಡದಲ್ಲಿ."

"ಮಡಿಲಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಸಾಕಿತ್ತೇನೋ," ಎಂದಳು ಅಕ್ಕ.

"ಇಲ್ಲಕ್ಕ. ಗಕ್ಕನೆ ಬ್ರೇಕ್ ಹಾಕಿದ್ರೆ ಯಾರ ಕೈಯಲ್ಲೂ ನಿಲ್ಲಲ್ಲ. ಮುಂದಿನ ಸೀಟಲ್ಲಂತೂ ಇರಲೇಬಾರದು. ಏರ್‌ಬ್ಯಾಗ್ ಉಬ್ಬಿದ್ರೆ ಅದರ ಹೊಡೆತಕ್ಕೇ ಸತ್ತುಹೋಗುತ್ತೆ."

ಡಾಕ್ಟರು ಕಾಲನ್ನು ನೇರ ಮಾಡಿ ಪ್ಲಾಸ್ಟರ್ ಹಾಕಿದರು. ಲಸಿಕೆ ಈಗ ಬೇಡ, ಕಾಲು ಕೂಡಲಿ ಎಂದರು. ಬೆರಳುಗಳು ಊದಿದರೆ, ತಣ್ಣಗಾದರೆ ತಕ್ಷಣ ತರಬೇಕು. ಏನೂ ಆಗದಿದ್ದರೂ ಹತ್ತನೆಯ ದಿನ ತಂದು ತೋರಿಸಲೇಬೇಕು. ಒಳಗೆ ಬಿಗಿಯಾಗಿ ರಕ್ತ ಓಡದೆ ಹೋದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ಎರಡು ಸಲ ಹೇಳಿದರು. ಮನೆಗೆ ಹೋಗಲು ಕಾಂಪೌಂಡರಮ್ಮ ಆಸ್ಪತ್ರೆಯದೇ ಒಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟಳು. ಜಾಲರಿಯ ಬಾಗಿಲು, ಸುತ್ತ ಗಾಳಿಗೆ ಕಿಂಡಿ. ಹಿಂದಿನ ಸೀಟಿನಲ್ಲಿ ಅದನ್ನಿಟ್ಟು, ಸುತ್ತ ಬೆಲ್ಟ್ ಎಳೆದು ತಾನೇ ಬಿಗಿದಳು. ಬಿಗಿಯುವಾಗ ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿದಳು. ಮೇಷ್ಟ್ರು ತಳ್ಳಿಸಿಕೊಂಡರು.

ಆದರೆ ಮನೆಗೆ ಬಂದಮೇಲೆ ಅವರಿಗೆ ಬಾಯಿ ಬಂತು.

"ಇನ್ನು ಮೇಲೆ ನನ್ನ ಗಾಡಿಗೆ ಬೆಕ್ಕು ಹತ್ತಕೂಡದು. ಪೆಟ್ಟಿಗೆನೂ ಬೇಡ, ಗಿಟ್ಟಿಗೆನೂ ಬೇಡ. ಕಾಲು ವಾಸಿ ಆದ್ಮೇಲೆ ಯಾರಿಗಾದ್ರೂ ಕೊಟ್ಟುಬಿಡೋಣ."

"ಹತ್ತನೇ ದಿನ ತೋರಿಸ್ಬೇಕಲ್ಲ?"

"ನಿನ್ನ ಬೆಕ್ಕು, ನೀನು ನೋಡ್ಕೋ."

"ನನ್ನ ಬೆಕ್ಕಾ? ಹೆಸರಿಟ್ಟವರು ಯಾರು? ಊರೆಲ್ಲ ಮೆರವಣಿಗೆ ಮಾಡಿದವರು ಯಾರು? ಕಾಲು ಮುರಿದಮೇಲೆ ನನ್ನದಾಯ್ತಾ?"

ಮೇಷ್ಟ್ರು ಎದ್ದು ಹೊರಗೆ ಹೋದರು. ಅಕ್ಕನ ಮೈಯೆಲ್ಲ ಉರಿಯಿತು. ಕಾರಿನ ಕೀಲಿ ತೆಗೆದುಕೊಂಡು ಹೋಗಿ, ಡ್ಯಾಶ್‌ಬೋರ್ಡಿನ ಮಖಮಲ್ಲು ಹಾಸನ್ನು ಕಿತ್ತು ತಂದು, ಕತ್ತರಿಯಿಂದ ಚಿಂದಿ ಮಾಡಿದಳು. ಆಮೇಲೆ ಮೆಷಿನ್ನಿನ ಮುಂದೆ ಕೂತಳು. ಮೊದಲ ಸೂಜಿ ಮುರಿದದ್ದು ಆಗ.

ಬೇರೆ ಗಾಡಿಯವರನ್ನು ಕೇಳಿದಳು. ಒಬ್ಬ, ಬೆಕ್ಕೆಂದರೆ ಸೀಟು ಹರಿಯುತ್ತದೆ ಎಂದ. ಸೀಟು ಹೊಲಿಯುವವಳ ಮುಂದೆಯೇ ಹಾಗೆಂದ. ಇನ್ನೊಬ್ಬ ಫೋನೇ ಎತ್ತಲಿಲ್ಲ. ಎರಡನೆಯ ಸೂಜಿ, ಮೂರನೆಯ ಸೂಜಿ. ಪ್ರತಿ ಸಲ ಮೆಷಿನ್ ನಿಂತಾಗಲೂ ಅವಳ ಕಿವಿಯಲ್ಲಿ ಆ ಕೂಗು. ಜಾಣ ಮೇಷ್ಟ್ರು, ಊರಿಗೆಲ್ಲ ಕಾಲು ಎಲ್ಲಿಡಬೇಕೆಂದು ಹೇಳಿಕೊಡುವವರು, ಕೆಳಗೆ ನೋಡದೆ ಹೇಗೆ ತುಳಿದರು? ತುಳಿದಮೇಲೆ ಒಂದು ಸಲವಾದರೂ "ಛೇ, ಹೀಗಾಗಬಾರದಿತ್ತು" ಎನ್ನಬಾರದೇ?

ಆದರೂ ಕೋಪ ಮಾಡಿಕೊಂಡು ಕೂತರೆ ಕಾಲು ಕೂಡುವುದಿಲ್ಲ. ಅಕ್ಕ ಆಸ್ಪತ್ರೆಯ ಪೆಟ್ಟಿಗೆಯನ್ನು ಹಿಂದಿರುಗಿಸಿ, ಅಂಥದೇ ಒಂದನ್ನು ಕೊಂಡು ತಂದಳು. ಮುಂದೇನು ಮಾಡಬೇಕೆಂದು ಕಾಂಪೌಂಡರಮ್ಮನಿಗೆ ಫೋನ್ ಮಾಡಿದಳು.

"ಹೋಗೋ ದಿನ ಹಿಡಿದು ಒಳಗೆ ತುರುಕ್ಬೇಡಿ ಅಕ್ಕ. ಹಾಗೆ ಮಾಡಿದ್ರೆ ಪೆಟ್ಟಿಗೆ ಕಂಡ್ರೇನೇ ಮಂಚದ ಕೆಳಗೆ ಓಡುತ್ತೆ. ಇವತ್ತಿಂದ್ಲೇ ಅದರ ಕೋಣೇಲಿ ಬಾಗಿಲು ತೆಗೆದಿಡಿ. ಒಳಗೆ ಅದು ಮಲಗೋ ಹಳೇ ಬಟ್ಟೆ ಹಾಕಿ. ಊಟಾನೂ ಅಲ್ಲೇ. ಅದು ಬರೀ ಪೆಟ್ಟಿಗೆ ಅಲ್ಲ, ತನ್ನ ಮನೆ ಅಂತ ಅದಕ್ಕೆ ಅನ್ನಿಸ್ಬೇಕು."

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಕಾಲು ಮುರಿದದ್ದೂ ಅಲ್ದೆ ಜೈಲು ಬೇರೆ," ಎಂದರು.

"ಅತ್ತೆ, ಜೈಲಿಗೆ ಹಾಕೋದಾದ್ರೆ ನನ್ನ ಪಟ್ಟಿಯಲ್ಲಿ ಬೇರೆಯವರ ಹೆಸರಿದೆ. ಸುಮ್ನೆ ನಿಮ್ಮ ಹಳೇ ಹೊದಿಕೆ ಒಂದು ತುಂಡು ಕೊಡಿ."

ಅತ್ತೆ ಗೊಣಗುತ್ತ ಹೊದಿಕೆಯ ಅಂಚು ಹರಿದುಕೊಟ್ಟರು. ಮೊದಲ ಎರಡು ದಿನ ಡಿಪ್ಪರ್ ಪೆಟ್ಟಿಗೆಯ ಕಡೆ ಮೂತಿ ತಿರುಗಿಸಿ ಕೂತಿತ್ತು. ಮೂರನೆಯ ದಿನ ಊಟಕ್ಕಾಗಿ ತಲೆ ಹಾಕಿತು. ಐದನೆಯ ದಿನ ಅತ್ತೆ ಬೆಳಿಗ್ಗೆ ಎದ್ದು ನೋಡಿದರೆ ಪ್ಲಾಸ್ಟರ್ ಕಾಲನ್ನು ಹೊರಗೆ ಚಾಚಿಕೊಂಡು ಒಳಗೆ ಗೊರಕೆ ಹೊಡೆಯುತ್ತಿತ್ತು.

"ಅಯ್ಯೋ, ನನ್ನ ಮಗ್ಗುಲಿಗಿಂತ ಇದೇ ಚೆನ್ನಾಗಿದ್ಯೇನೋ! ಕೃತಘ್ನ!" ಎಂದು ಅತ್ತೆ ಬೈದರು. ಬೈದು, ಹೋಗಿ, ಹೊದಿಕೆಯ ಇನ್ನೊಂದು ತುಂಡು ತಂದು ಹಾಸಿದರು.

ಅಂಗಡಿಗೆ ಕವರ್ ಹಾಕಿಸಲು ಬಂದ ಕಾರುಗಳಲ್ಲಿ ಅಕ್ಕ ಮಾಲೀಕರನ್ನು ಕೇಳಿಕೊಂಡು ಪೆಟ್ಟಿಗೆಯನ್ನು ಐದೈದು ನಿಮಿಷ ಕೂರಿಸಿದಳು. ಮೊದಲು ನಿಂತ ಕಾರಿನಲ್ಲಿ, ಆಮೇಲೆ ಇಂಜಿನ್ ಹಾಕಿ. ಬೆಕ್ಕನ್ನು ಬಿಟ್ಟು ಒಂದು ಗಳಿಗೆಯೂ ಇಳಿಯಲಿಲ್ಲ. ನಿಂತ ಕಾರು ಬಿಸಿಲಿಗೆ ಎಷ್ಟು ಬೇಗ ಒಲೆಯಾಗುತ್ತದೆ ಎಂಬುದು ದಿನಾ ಅದರೊಳಗೆ ಕೂತು ಹೊಲಿಗೆ ಬಿಗಿಯುವವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೆಟ್ಟಿಗೆಯ ಮೇಲೊಂದು ತೆಳು ಬಟ್ಟೆ ಹೊದಿಸಿ, ಗಾಳಿಯ ಕಿಂಡಿ ಬಿಟ್ಟರೆ ಡಿಪ್ಪರ್‌ನ ಕೂಗು ಅರ್ಧಕ್ಕೆ ಇಳಿಯುತ್ತದೆ ಎಂದು ತಾನೇ ಕಂಡುಕೊಂಡಳು.

ಹತ್ತನೆಯ ದಿನ ಬೆಳಿಗ್ಗೆ ಮೇಷ್ಟ್ರು ತಿಂಡಿಯನ್ನೂ ತಿನ್ನದೆ ಸ್ಕೂಲಿಗೆ ಹೋಗಿಬಿಟ್ಟರು. ಕಾರೂ ಅವರ ಜೊತೆಗೇ ಹೋಯಿತು. ಅಕ್ಕ ನಾಲ್ಕನೆಯ ಸೂಜಿ ಮುರಿದು ಎದ್ದಳು. ಪೆಟ್ಟಿಗೆ ಎತ್ತಿಕೊಂಡು ಬೀದಿಯುದ್ದಕ್ಕೂ ನಡೆದಳು.

ಸ್ಕೂಲಿನ ಕೋಣೆಯಲ್ಲಿ ಎಂಟು ಜನ ಕೂತಿದ್ದರು. ಗೋಡೆ ತುಂಬ ರಸ್ತೆಯ ಚಿಹ್ನೆಗಳ ಪಟ. ಮೇಷ್ಟ್ರು ಕೋಲು ಹಿಡಿದು ತ್ರಿಕೋನಕ್ಕೂ ವೃತ್ತಕ್ಕೂ ವ್ಯತ್ಯಾಸ ಹೇಳುತ್ತಿದ್ದರು. ಅಕ್ಕ ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆ ಇಟ್ಟಳು.

"ಕಲಿಯೋಕೆ ಬಂದಿರೋರೆಲ್ಲ ಒಂದು ನಿಮಿಷ ಕೇಳಿ. ಮೊದಲನೇ ಪಾಠ ಏನು?"

ಎಂಟು ಜನ ಮೇಷ್ಟ್ರ ಮುಖ ನೋಡಿದರು. ಒಬ್ಬಾಕೆ ಮೆಲ್ಲಗೆ, "ಬೆಲ್ಟ್," ಎಂದಳು.

"ಯಾರಿಗೆ?"

"ಗಾಡೀಲಿರೋ ಎಲ್ಲರಿಗೂ."

"ಒಬ್ಬರಿಗೆ ಹಾಕದಿದ್ರೆ?"

"ಗಾಡಿ ಹೊರಡಲ್ಲ!" ಈ ಸಲ ಎಂಟೂ ಜನ ಒಟ್ಟಿಗೆ ಹೇಳಿದರು. ಹೇಳಿಕೊಟ್ಟ ಪಾಠ ಅಷ್ಟು ಚೆನ್ನಾಗಿತ್ತು.

"ನೋಡಿ, ಎಷ್ಟು ಜಾಣರು ನಿಮ್ಮ ಶಿಷ್ಯರು. ಇದಕ್ಕೂ ಬೆಲ್ಟ್ ಹಾಕ್ತೀನಿ, ನಾನೂ ಹಾಕ್ಕೋತೀನಿ. ಈಗ ಹೊರಡ್ತೀರೋ, ಇಲ್ಲಾ ಇವರ ಮುಂದೇನೇ ಇನ್ನೊಂದೆರಡು ಪಾಠ ಕೇಳ್ಲೋ?"

"ಏ, ಮನೆ ಜಗಳ ಇಲ್ಲಿಗ್ಯಾಕೆ ತಂದೆ?"

"ಮನೇಲಿ ನೀವು ಸಿಕ್ಕಿದ್ರೆ ಅಲ್ಲೇ ಆಡ್ತಿದ್ದೆ."

ಯಾರೋ ಹಿಂದಿನಿಂದ ಕೆಮ್ಮಿದರು. ಪೆಟ್ಟಿಗೆಯೊಳಗಿಂದ ಡಿಪ್ಪರ್ ಒಂದು ಸಲ ಜೋರಾಗಿ ತನ್ನ ಅಭಿಪ್ರಾಯ ಹೇಳಿತು. ಮೇಷ್ಟ್ರು ಕೋಲು ಕೆಳಗಿಟ್ಟರು.

ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಇಟ್ಟು ಬೆಲ್ಟ್ ಬಿಗಿದು ಅಕ್ಕ ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದಳು. ಕದಲಲಿಲ್ಲ. ಕಿಟಕಿ ಏರಿಸಿದಳು. ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲಿನಿಂದ ಡಿಪ್ಪರ್‌ಗೆ ಏನೂ ತಿನ್ನಿಸಿರಲಿಲ್ಲ, ದಾರಿಯಲ್ಲಿ ವಾಂತಿಯಾಗದಿರಲಿ ಎಂದು. ತನ್ನ ಹೊಲಿಗೆ ಸಾಮಾನಿನ ಚೀಲ ಮತ್ತು ನೀರಿನ ಬಾಟಲಿಯನ್ನು ಪೆಟ್ಟಿಗೆಯ ಪಕ್ಕ ಇಟ್ಟು ಮುಂದೆ ಬಂದು ಕೂತಳು. ದೊಡ್ಡ ರಸ್ತೆ ಬಂತು. ಹಿಂದಿನಿಂದ ಡಿಪ್ಪರ್ ಮಾತ್ರ ಎಲ್ಲರ ಪರವಾಗಿ ಜಗಳವಾಡುತ್ತಿತ್ತು.

ಮುಂದೆ ಮನೆ ಸಾಮಾನು ಹೇರಿಕೊಂಡ ಗಾಡಿಯೊಂದು ಹೋಗುತ್ತಿತ್ತು. ಹಗ್ಗ ಸಡಿಲವಾಗಿ ಅದರ ನೆತ್ತಿಯಿಂದ ಒಂದು ಕುರ್ಚಿ ಜಾರಿ ರಸ್ತೆಗೆ ಬಿತ್ತು. ಮೇಷ್ಟ್ರು ಬ್ರೇಕ್ ತುಳಿದರು. ಟೈರುಗಳು ಕಿರುಚಿದವು. ಹಿಂದಿನ ಸೀಟಿನಿಂದ ಚೀಲ ಹಾರಿ ಬಂದು ಗೇರಿಗೆ ಬಡಿಯಿತು, ಅದರೊಳಗಿನ ದೊಡ್ಡ ಕತ್ತರಿ ಮುಂದಿನ ಗಾಜಿಗೆ ಹೊಡೆದು ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಬಾಟಲಿ ಅಕ್ಕನ ಕಿವಿಯ ಪಕ್ಕದಲ್ಲೇ ಹೋಯಿತು. ಕಾರು ಕುರ್ಚಿಗೆ ಮೂರು ಮಾರು ದೂರದಲ್ಲಿ ನಿಂತಿತು.

ಅಕ್ಕ ತಿರುಗಿ ನೋಡಿದಳು. ಪೆಟ್ಟಿಗೆ ಇಟ್ಟಲ್ಲೇ ಇತ್ತು. ಬಟ್ಟೆ ಸರಿಸಿದರೆ ಜಾಲರಿಯ ಹಿಂದೆ ಹಳದಿ ಮುಖ, ಕೆಟ್ಟ ಕೋಪದಲ್ಲಿ. ಕಾಲು ಹಾಗೇ ಇತ್ತು.

ಮೇಷ್ಟ್ರು ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದರು. ಡ್ಯಾಶ್‌ಬೋರ್ಡಿನ ಮೇಲೆ, ಹತ್ತು ದಿನದ ಹಿಂದೆ ಬೆಕ್ಕು ಕೂತ ಜಾಗದಲ್ಲಿ, ಬಾಯಿ ತೆರೆದುಕೊಂಡು ಬಿದ್ದಿದ್ದ ಕತ್ತರಿಯನ್ನೇ ನೋಡುತ್ತಿದ್ದರು.

"ಅವತ್ತು ನಾನು ಒತ್ತಲಿಲ್ಲ ಕಣೇ," ಎಂದರು.

"ಏನು?"

"ಬ್ರೇಕು. ಕಾಲಿಟ್ಟೆ. ಕೆಳಗೆ ಮೆತ್ತಗೆ ಸಿಕ್ಕಿತು. ಒತ್ತಿದ್ರೆ ಇದು ಹೋಗುತ್ತೆ ಅಂತ ಗೊತ್ತಾಯ್ತು. ಮುಂದೆ ಆ ಮಕ್ಕಳು. ಎಲ್ಲಾ ಕಣ್ಣಿಗೆ ಕಾಣ್ತಾ ಇದೆ, ಕಾಲು ಬರ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಬ್ರೇಕ್ ಬ್ರೇಕ್ ಅಂತ ಕೂಗಿದವನಿಗೆ..."

"ಮತ್ತೆ ಅದರ ಕಾಲು? ನೀವು ತುಳಿಯದಿದ್ರೆ ಅದು ಹೇಗೆ ಮುರೀತು?"

ಮೇಷ್ಟ್ರು ಅವಳ ಕಾಲಬುಡದ ಪೆಡಲ್ಲಿನತ್ತ ಬೆರಳು ತೋರಿಸಿದರು. "ಎರಡು ಬ್ರೇಕ್ ಇದೆ ಅಂತ ಜಂಬ ಕೊಚ್ಚಿದ್ದೇ ಸುಳ್ಳು. ಬ್ರೇಕ್ ಒಂದೇ. ನಿನ್ನ ಕಡೆಯದಕ್ಕೂ ನನ್ನ ಕಡೆಯದಕ್ಕೂ ಒಂದೇ ಕಂಬಿ ಜೋಡಿಸಿದೆ. ನೀನು ಅದನ್ನ ಒತ್ತಿದ್ರೆ ಇದೂ ಇಳಿಯುತ್ತೆ."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಧಕ್ಕೆ ತಡೆದ ಪೆಡಲ್ಲು. ತಾನು ಸೀಟಿನಿಂದ ಮೇಲೆದ್ದು ಒತ್ತಿದ್ದು. ಆ ಕೂಗು. ಅವಳು ತನ್ನ ಪಾದಗಳನ್ನು ನೋಡಿಕೊಂಡಳು.

"ಹತ್ತು ದಿನ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಮುರಿದದ್ದು ನೀನು ಅಂತ್ಲಾ? ನೀನು ಒತ್ತದಿದ್ರೆ ಆ ಮುದುಕ ಇವತ್ತು ಇರ್ತಿರ್ಲಿಲ್ಲ, ಆ ಮಕ್ಕಳು ಇರ್ತಿರ್ಲಿಲ್ಲ. ನನ್ನ ಕೆಲಸ ನೀನು ಮಾಡಿದೆ. ಆಸ್ಪತ್ರೇಲಿ ನೀನು ನನ್ನ ಕಡೆ ಕೈ ತೋರಿಸಿದಾಗ, ಸರಿ, ಹಾಗೇ ಇರಲಿ ಅಂದ್ಕೊಂಡೆ. ಬೆಕ್ಕಿನ ಮುಖ ನೋಡಿದಾಗ್ಲೆಲ್ಲಾ ನನ್ನ ಹೇಡಿತನ ಕಾಣ್ತಿತ್ತು. ಅದಕ್ಕೇ ಕೊಟ್ಟುಬಿಡೋಣ ಅಂದೆ."

ಅಕ್ಕ ಅಳಲಿಲ್ಲ. ಅವಳಿಗೆ ಹಿಂದೆಂದೂ ಬಾರದಷ್ಟು ಕೋಪ ಬಂತು. "ಅಲ್ರೀ, ಮಕ್ಕಳನ್ನ ಉಳಿಸೋದಾ, ಬೆಕ್ಕನ್ನ ಉಳಿಸೋದಾ ಅಂತ ಯೋಚನೆ ಮಾಡೋ ಹಾಗೆ ನಮ್ಮನ್ನ ಯಾರು ತಂದು ನಿಲ್ಲಿಸಿದ್ದು? ದೇವರಾ? ಲಾರಿಯವನಾ? ನಾವೇ ಅಲ್ವಾ? ಒಂದು ಪೆಟ್ಟಿಗೆ ಇದ್ದಿದ್ರೆ ಆ ಪ್ರಶ್ನೇನೇ ಏಳ್ತಿರ್ಲಿಲ್ಲ. ನೀವು ತುಳೀತಿದ್ರಿ, ಗಾಡಿ ನಿಲ್ತಿತ್ತು, ಲಸಿಕೆ ಹಾಕಿಸ್ಕೊಂಡು ಮನೆಗೆ ಬರ್ತಿದ್ವಿ. ಅಷ್ಟೇ! ನಾನು ಮಖಮಲ್ಲು ಹೊಲಿದೆ, ನೀವು ಮೆರೆಸಿದ್ರಿ, ಅತ್ತೆ ಪಾಪ ಪಾಪ ಅಂದ್ರು. ಮೂವರೂ ಸೇರಿ ಅದರ ಕಾಲು ಮುರಿದ್ವಿ."

ಮೇಷ್ಟ್ರು ತಲೆಯಾಡಿಸಿದರು. ಇಳಿದು ಹಿಂದಿನ ಬಾಗಿಲು ತೆಗೆದು, ಪೆಟ್ಟಿಗೆಯ ಬೆಲ್ಟನ್ನು ಒಂದು ಸಲ ಎಳೆದು ನೋಡಿದರು. ಚೀಲ, ಕತ್ತರಿ, ಬಾಟಲಿ ಮೂರನ್ನೂ ಡಿಕ್ಕಿಗೆ ಹಾಕಿ ಮುಚ್ಚಿದರು. ಬಂದು ಕೂತು ಬೆಲ್ಟ್ ಹಾಕಿಕೊಂಡರು.

ಆಸ್ಪತ್ರೆಯ ಕೋಣೆಯ ಬಾಗಿಲು ಹಾಕಿದ ಮೇಲೆಯೇ ಕಾಂಪೌಂಡರಮ್ಮ ಪೆಟ್ಟಿಗೆ ತೆರೆದಳು. ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬೆಚ್ಚಗಿವೆ, ಊತವಿಲ್ಲ, ಕಾಲು ಉಳಿಯುತ್ತದೆ ಎಂದರು. ಅಕ್ಕ ಮೇಜಿನಂಚನ್ನು ಹಿಡಿದುಕೊಂಡಿದ್ದ ಕೈ ಬಿಟ್ಟಳು. ಮೂರು ವಾರ ಬಿಟ್ಟು ಮತ್ತೆ ತರಬೇಕು ಎಂದರು ಡಾಕ್ಟರು.

"ಯಾರು ಕರ್ಕೊಂಡು ಬರ್ತೀರಿ?" ಎಂದು ಚೀಟಿ ಬರೆಯುತ್ತ ಕಾಂಪೌಂಡರಮ್ಮ ಕೇಳಿದಳು.

"ನಾನು," ಎಂದರು ಮೇಷ್ಟ್ರು. "ಬೆಳಿಗ್ಗೆ ಬೇಗ ಹಾಕ್ಕೊಡಮ್ಮ. ಆಗ ಬಿಸಿಲೂ ಇರಲ್ಲ, ಲಾರಿಗಳೂ ಕಡಿಮೆ."

ಓದಿದವರೇ, ಕೇಳಿದವರೇ, ನಿಮ್ಮ ಕಾರಿನಲ್ಲಿ ಎರಡನೆಯ ಬ್ರೇಕ್ ಇಲ್ಲ. ಪಕ್ಕದಲ್ಲಿ ಕೂತವರು ನಿಮ್ಮ ಬದಲು ತುಳಿಯಲಾರರು. ನಿಮ್ಮ ಬೆಕ್ಕು ಎಷ್ಟೇ ಸಾಧುವಾಗಿರಲಿ, ನೀವು ಎಷ್ಟೇ ಚೆನ್ನಾಗಿ ಓಡಿಸುವವರಾಗಿರಲಿ, ಅದನ್ನು ಕಾರಿನಲ್ಲಿ ಬಿಡಿಯಾಗಿ ಬಿಡಬೇಡಿ. ಮಡಿಲಲ್ಲೂ ಬೇಡ, ಮುಂದಿನ ಸೀಟಲ್ಲೂ ಬೇಡ. ಗಟ್ಟಿಯಾದ, ಗಾಳಿಯಾಡುವ, ಚಿಲಕ ಭದ್ರವಾಗಿರುವ ಒಂದು ಪೆಟ್ಟಿಗೆ ತನ್ನಿ. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಮನೆಯಲ್ಲಿ ತೆರೆದಿಟ್ಟು ಅಭ್ಯಾಸ ಮಾಡಿಸಿ. ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿಯಿರಿ, ಕೈಯಿಂದ ಅಲ್ಲಾಡಿಸಿ ನೋಡಿ. ದೂರದ ದಾರಿಯಾದರೆ ನಡುನಡುವೆ ನಿಲ್ಲಿಸಿ, ಕಾರಿನ ಬಾಗಿಲು ಕಿಟಕಿಗಳೆಲ್ಲ ಮುಚ್ಚಿವೆಯೇ ಎಂದು ನೋಡಿಕೊಂಡೇ ಪೆಟ್ಟಿಗೆ ತೆರೆದು ನೀರು ಕೊಡಿ. ನಿಲ್ಲಿಸಿದ ಕಾರಿನಲ್ಲಿ ಅದನ್ನು ಒಂಟಿಯಾಗಿ ಬಿಟ್ಟು ಐದು ನಿಮಿಷಕ್ಕೂ ಹೋಗಬೇಡಿ. ವಾಂತಿಗೆ, ಗಾಬರಿಗೆ ನೀವು ನುಂಗುವ ಮಾತ್ರೆ ಕೊಡಬೇಡಿ, ಪ್ರಾಣಿ ಡಾಕ್ಟರನ್ನೇ ಕೇಳಿ.

ಬೆಕ್ಕು ದಾರಿಯುದ್ದಕ್ಕೂ ಕೂಗುತ್ತದೆ, ನಿಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತದೆ. ಬೈಸಿಕೊಳ್ಳಿ. ಪೆಟ್ಟಿಗೆಯೊಳಗಿಂದ ಬೈಯುತ್ತಿರುವ ಬೆಕ್ಕು ನಾಲ್ಕು ಕಾಲಿನ ಮೇಲೆ ಮನೆಗೆ ಬರುತ್ತದೆ.